ಹಕ್ಕಲು ಆಯಲು ಹೋದ ಹದಿನಾಲ್ಕು ಮಕ್ಕಳು

"ಮಿಷನ್" ಎಂಬ ಪದ ಕೇಳಿದ ಕೂಡಲೇ ನಮ್ಮ ಕನ್ನಡಿಗರ ಮನಸ್ಸಿಗೆ ಏನೇನು ಬರುತ್ತದೆ? ಮೈಸೂರಿನವರಾದರೆ 1906ರಲ್ಲಿ ಶುರುವಾದ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ. ಉಡುಪಿಯವರಾದರೆ 1923ರಲ್ಲಿ ಡಾ. ಈವಾ ಲೊಂಬಾರ್ಡ್ ತೆರೆದ ಮಿಷನ್ ಆಸ್ಪತ್ರೆ. ಬೆಂಗಳೂರಿನವರಿಗೆ 1880ರ ಬಾಲ್ಡ್ವಿನ್ ಶಾಲೆ. ನಮ್ಮ ಮಂಗಳೂರು ಕಡೆಯವರಿಗಂತೂ ಬಾಸೆಲ್ ಮಿಷನ್ನಿನ ಕೆಂಪು ಹೆಂಚು! ಆದರೆ ಅಮೆರಿಕಕ್ಕೆ ಬಂದು, ಮಕ್ಕಳನ್ನು ಇಲ್ಲಿನ ಶಾಲೆಗೆ ಸೇರಿಸಿದ ಮೇಲೆ ನಮಗೆಲ್ಲ ಇನ್ನೊಂದು ಪದಪುಂಜದ ಪರಿಚಯವಾಗುತ್ತದೆ. ಅದೇ "ಮಿಷನ್ ಟ್ರಿಪ್". ಬೇಸಿಗೆ ಬಂತೆಂದರೆ ಮಗಳ ಗೆಳತಿ ಗ್ವಾಟೆಮಾಲಾಕ್ಕೆ ಹೊರಟಿರುತ್ತಾಳೆ, ಪಕ್ಕದ ಮನೆಯ ಹುಡುಗ ಕೆಂಟಕಿಯ ಬೆಟ್ಟಗಳಲ್ಲಿ ಯಾರದೋ ಮನೆಯ ಮಾಡು ರಿಪೇರಿ ಮಾಡಲು ಹೊರಟಿರುತ್ತಾನೆ. ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ಇಪ್ಪತ್ತು ಮಕ್ಕಳು ಏರ್‌ಪೋರ್ಟಿನಲ್ಲಿ ಸಾಲಾಗಿ ನಿಂತಿರುವುದನ್ನು ನೀವೂ ನೋಡಿರುತ್ತೀರಿ.

ಜಾನ್ಸ್ ಕ್ರೀಕ್‌ನ ಒಂದು ಚರ್ಚಿನಲ್ಲಿ ನಾನು ಐದನೇ ಮತ್ತು ಆರನೇ ತರಗತಿಯ ಮಕ್ಕಳಿಗೆ ಸಂಡೇ ಸ್ಕೂಲ್ ಟೀಚರ್. ಹುಟ್ಟಿ ಬೆಳೆದದ್ದು ಮಂಗಳೂರಿನಲ್ಲಿ, ಕನ್ನಡದಲ್ಲೇ ಆರಾಧನೆ ನಡೆಯುವ ಸಭೆಯಲ್ಲಿ. ಇಂಥ ಒಂದು ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೇನೆ ಎಂದು ನಮ್ಮ ಕನ್ನಡ ಸ್ನೇಹಿತರ ಪಾಟ್‌ಲಕ್ ಒಂದರಲ್ಲಿ ಹೇಳಿದಾಗ ಎರಡು ಬಗೆಯ ಪ್ರಶ್ನೆಗಳು ಬಂದವು. ಒಂದು, ಮೆಲುದನಿಯಲ್ಲಿ: "ಮೇಡಂ, ಅಲ್ಲಿ ಮತಾಂತರ ಗಿತಾಂತರ ಏನಾದ್ರೂ...?" ಇನ್ನೊಂದು, ಸ್ವಲ್ಪ ಜೋರಾಗಿಯೇ: "ಅಲ್ರೀ, ಹತ್ತು ಹನ್ನೊಂದು ವರ್ಷದ ಮಕ್ಕಳು ಯಾರಿಗೇನು ಸೇವೆ ಮಾಡ್ತಾವೆ? ಅವಕ್ಕೇ ಇನ್ನೂ ಶೂ ಲೇಸ್ ಕಟ್ಟಿಕೊಳ್ಳೋಕೆ ಬರಲ್ಲ!" ಎರಡೂ ಒಳ್ಳೆಯ ಪ್ರಶ್ನೆಗಳೇ. ಈ ಲೇಖನ ಅವೆರಡಕ್ಕೂ ನನ್ನ ಉತ್ತರ ಅಂದುಕೊಳ್ಳಿ.

ಮೊದಲನೆಯ ಪ್ರಶ್ನೆ

1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದಿಳಿದರು. ಅವರ ಬಳಗದಿಂದಲೇ ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" 1843ರಲ್ಲಿ ಹೊರಟಿತು. 1865ರಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. 1894ರಲ್ಲಿ ಕಿಟ್ಟೆಲರ ನಿಘಂಟು ಬಂತು. ಈ ಕೆಲಸಗಳ ಜೊತೆ ಧರ್ಮಪ್ರಚಾರವೂ ಇತ್ತು. ಅದನ್ನು ಮುಚ್ಚಿಟ್ಟು ಮಾತಾಡುವುದರಲ್ಲಿ ಅರ್ಥವಿಲ್ಲ. ನಮ್ಮ ಮನೆತನ ಕ್ರೈಸ್ತರಾದದ್ದೂ ಆ ಚರಿತ್ರೆಯ ಒಂದು ಎಳೆಯೇ. ಆದ್ದರಿಂದ "ಮಿಷನ್" ಎಂದಾಗ ಸ್ನೇಹಿತರು ಹುಬ್ಬೇರಿಸಿದರೆ ನನಗೆ ಬೇಸರವಾಗುವುದಿಲ್ಲ. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟರಾಯಿತು.

ನಮ್ಮ ಗುಂಪಿನಲ್ಲಿ ಹದಿನಾಲ್ಕು ಮಕ್ಕಳು. ಅವರಲ್ಲಿ ಇಬ್ಬರು ಚರ್ಚಿನವರಲ್ಲ. ನಮ್ಮ ಕನ್ನಡ ಕುಟುಂಬಗಳ ಮಕ್ಕಳು. ಶಾಲೆಯ ಗೆಳೆಯರು ಹೊರಟಿದ್ದಾರೆಂದು "ನಾನೂ ಹೋಗ್ತೀನಿ" ಎಂದು ಹಟ ಹಿಡಿದವರು. ಅವರ ತಂದೆತಾಯಿಯರನ್ನು ಮನೆಗೆ ಕರೆದು, ಕಾಫಿ ಕೊಟ್ಟು, ಮೂರು ವಿಷಯ ಹೇಳಿದೆ. ಊಟಕ್ಕೆ ಮೊದಲು ಪ್ರಾರ್ಥನೆ ಇರುತ್ತದೆ. ನಿಮ್ಮ ಮಕ್ಕಳು ಸುಮ್ಮನೆ ಕೂತರೆ ಸಾಕು, ಯಾರೂ ಬಾಯಿ ತೆರೆಸುವುದಿಲ್ಲ. ಭಾನುವಾರ ಆರಾಧನೆಯ ಹೊತ್ತಿನಲ್ಲಿ ಅವರು ಬೇಕಾದರೆ ಒಬ್ಬ ಹಿರಿಯರ ಜೊತೆ ಹೊರಗಿರಬಹುದು. ಮತ್ತು ನಾವು ಹೋಗುವ ಕಡೆ ಯಾರಿಗೂ ಯಾವ ಕರಪತ್ರವನ್ನೂ ಹಂಚುವುದಿಲ್ಲ. ಅವರು ಇಬ್ಬರೂ ಮುಖ ಮುಖ ನೋಡಿಕೊಂಡು ಕೇಳಿದ್ದು ಒಂದೇ: "ವೆಜಿಟೇರಿಯನ್ ಸಿಗುತ್ತಾ?" ಸಿಗುತ್ತದೆ ಎಂದೆ. ದಾರಿಗೆ ಪುಳಿಯೋಗರೆ, ಚಿತ್ರಾನ್ನ ನಾನೇ ಕಟ್ಟಿಕೊಂಡೆ. ಒಬ್ಬ ಹುಡುಗನಿಗೆ ಕಡಲೆಕಾಯಿ ಅಲರ್ಜಿ ಇದ್ದದ್ದರಿಂದ ಎರಡಕ್ಕೂ ಕಡಲೆಬೀಜ ಹಾಕಲಿಲ್ಲ. ಕಡಲೆಬೀಜವಿಲ್ಲದ ಚಿತ್ರಾನ್ನ! ಸೇವೆಯ ಹಾದಿಯಲ್ಲಿ ತ್ಯಾಗ ಅಲ್ಲಿಂದಲೇ ಶುರುವಾಯಿತು ನೋಡಿ.

ಎರಡನೆಯ ಪ್ರಶ್ನೆ

ಈಗ ಎರಡನೆಯ ಪ್ರಶ್ನೆಗೆ ಬರೋಣ. ಇದು ನಿಜಕ್ಕೂ ಕಷ್ಟದ್ದು. ಹತ್ತರಿಂದ ಹನ್ನೆರಡು ವರ್ಷ ಅಂದರೆ ಅತ್ತ ಚಿಕ್ಕ ಮಕ್ಕಳೂ ಅಲ್ಲ, ಇತ್ತ ಟೀನೇಜರುಗಳೂ ಅಲ್ಲ. ಬಡವರಿಗೆ ಮನೆ ಕಟ್ಟಿಕೊಡುವ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ 1976ರಲ್ಲಿ ಶುರುವಾದದ್ದು ನಮ್ಮ ಜಾರ್ಜಿಯಾದ ಅಮೆರಿಕಸ್ ಎಂಬ ಸಣ್ಣ ಊರಿನಲ್ಲಿ. ಆದರೆ ಅಲ್ಲಿ ಕಟ್ಟಡದ ಕೆಲಸಕ್ಕೆ ಹದಿನಾರು ವರ್ಷ ತುಂಬಿರಬೇಕು. ಅಪಲಾಚಿಯನ್ ಬೆಟ್ಟಗಳಲ್ಲಿ ಮನೆ ರಿಪೇರಿ ಮಾಡುವ ಸಂಸ್ಥೆಗಳೂ ಹೈಸ್ಕೂಲಿನ ಮಕ್ಕಳನ್ನೇ ಬಯಸುತ್ತವೆ. ಸುತ್ತಿಗೆ, ಗರಗಸ, ಏಣಿ ಎಲ್ಲ ಇರುವ ಕಡೆ ಹನ್ನೊಂದರ ಪೋರರಿಗೆ ಏನು ಕೆಲಸ? ಹಾಗಾಗಿ ಈ ವಯಸ್ಸಿನವರಿಗೆ ಸಾಮಾನ್ಯವಾಗಿ ಸಿಗುವುದು ಕೆಲಸದ ಹೆಸರಿನ ಆಟ. ಈಗಾಗಲೇ ಚೆನ್ನಾಗಿರುವ ಬೇಲಿಗೆ ಮತ್ತೊಮ್ಮೆ ಬಣ್ಣ ಬಳಿಯುವುದು, ಅನಾಥಾಲಯಕ್ಕೆ ಹೋಗಿ ಫೋಟೋ ತೆಗೆಸಿಕೊಳ್ಳುವುದು ಇತ್ಯಾದಿ.

ಈ ಬಗೆಯ ಸೇವೆಯನ್ನು ಗಟ್ಟಿಯಾಗಿ ಪ್ರಶ್ನಿಸಿದವರು ಹೊರಗಿನವರಲ್ಲ, ಚರ್ಚಿನ ಒಳಗಿನವರೇ. ಅದೂ ನಮ್ಮ ಜಾರ್ಜಿಯಾದವರೇ! ಲುಕ್‌ಔಟ್ ಮೌಂಟನ್ನಿನ ಕವನೆಂಟ್ ಕಾಲೇಜಿನ ಸ್ಟೀವ್ ಕಾರ್ಬೆಟ್ ಮತ್ತು ಬ್ರಯಾನ್ ಫಿಕರ್ಟ್ 2009ರಲ್ಲಿ "ವ್ಹೆನ್ ಹೆಲ್ಪಿಂಗ್ ಹರ್ಟ್ಸ್" ಬರೆದರು. ಅಟ್ಲಾಂಟಾದ ಬಡ ಬಡಾವಣೆಗಳಲ್ಲಿ ದಶಕಗಳ ಕಾಲ ದುಡಿದ ರಾಬರ್ಟ್ ಲಪ್ಟನ್ 2011ರಲ್ಲಿ "ಟಾಕ್ಸಿಕ್ ಚಾರಿಟಿ" ಬರೆದರು. ಸಾರಾಂಶ ಹೇಳುವುದಾದರೆ, ಬಡವರು ತಾವೇ ಮಾಡಿಕೊಳ್ಳಬಲ್ಲ ಕೆಲಸವನ್ನು ನಾವು ಹೋಗಿ ಮಾಡಿದರೆ ಅವರ ಕೈ ಕಟ್ಟಿಹಾಕಿದಂತೆ. ಒಂದು ವಾರ ಬಂದು ಹೋಗುವವರ ಸಂತೋಷಕ್ಕಾಗಿ ಅಲ್ಲಿನವರು ಬಡತನದ ಪ್ರದರ್ಶನ ಕೊಡಬೇಕಾಗುತ್ತದೆ. ಊರಿನಲ್ಲಿ ಬ್ಯಾನರ್ ಕಟ್ಟಿ, ನಾಲ್ಕು ಜನರನ್ನು ಸಾಲಾಗಿ ನಿಲ್ಲಿಸಿ, ಬಾಳೆಹಣ್ಣು ಬ್ರೆಡ್ ಹಂಚಿ, ಮರುದಿನದ ಪತ್ರಿಕೆಗೆ ಫೋಟೋ ಕಳಿಸುವುದನ್ನು ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಹನ್ನೊಂದು ವರ್ಷದ ಮಗು ಮಾಡಬಹುದಾದ, ನಿಜವಾಗಿ ಬೇಕಾದ, ಯಾರ ಮರ್ಯಾದೆಗೂ ಕುಂದು ಬಾರದ ಕೆಲಸ ಯಾವುದಾದರೂ ಇದೆಯೇ? ಇದೆ. ಅದಕ್ಕೆ ನಮ್ಮ ಕನ್ನಡದಲ್ಲಿ ಬಹಳ ಚೆಂದದ ಹೆಸರಿದೆ: ಹಕ್ಕಲು ಆಯುವುದು.

ಹಕ್ಕಲು

ಹಳ್ಳಿಯಲ್ಲಿ ಬೆಳೆದವರಿಗೆ ಈ ಪದ ಗೊತ್ತಿರುತ್ತದೆ. ಕೊಯ್ಲು ಮುಗಿದ ಮೇಲೆ ಹೊಲದಲ್ಲಿ ಬಿದ್ದು ಉಳಿದ ತೆನೆ, ಮಣ್ಣಿನಲ್ಲಿ ಸಿಕ್ಕಿಕೊಂಡ ಕಡಲೆಕಾಯಿ, ಇವೇ ಹಕ್ಕಲು. ಬಡ ಹೆಂಗಸರು, ಮಕ್ಕಳು ಹೋಗಿ ಅದನ್ನು ಹೆಕ್ಕಿಕೊಂಡು ಬರುತ್ತಿದ್ದರು. ನಾನು ಪೇಟೆಯ ಹುಡುಗಿ. ನನಗೆ ಈ ಪದ ಸಿಕ್ಕಿದ್ದು ಕನ್ನಡ ಬೈಬಲ್ಲಿನಲ್ಲಿ. ಯಾಜಕಕಾಂಡದಲ್ಲಿ ಒಂದು ಕಟ್ಟಳೆ ಇದೆ: ಹೊಲದ ಮೂಲೆ ಮೂಲೆಯನ್ನೂ ಬಿಡದೆ ಕೊಯ್ಯಬೇಡಿ, ಬಿದ್ದದ್ದನ್ನು ಆಯ್ದುಕೊಳ್ಳಬೇಡಿ, ಅದು ಬಡವರಿಗೂ ಪರದೇಶದವರಿಗೂ ಸೇರಿದ್ದು ಎಂದು. ರೂತಳ ಕಥೆಯೂ ಹಾಗೆಯೇ. ಗಂಡ ತೀರಿಕೊಂಡ ರೂತಳು ಅತ್ತೆಯೊಡನೆ ಪರದೇಶಕ್ಕೆ ಬಂದು ಬೋವಜನ ಹೊಲದಲ್ಲಿ ಹಕ್ಕಲಾಯುತ್ತಾಳೆ. ಬೋವಜ ತನ್ನ ಆಳುಗಳಿಗೆ ಗುಟ್ಟಾಗಿ ಹೇಳುತ್ತಾನೆ: ಬೇಕೆಂದೇ ಸ್ವಲ್ಪ ತೆನೆ ಬಿಡಿ, ಅವಳನ್ನು ಗದರಿಸಬೇಡಿ, ನಾಚಿಕೆಪಡಿಸಬೇಡಿ ಎಂದು. ಕೊಟ್ಟೆ ಎಂದು ತೋರಿಸಿಕೊಳ್ಳದೆ ಕೊಡುವ ಬಗೆ ಅದು. ನಮ್ಮ ಹಳ್ಳಿಗಳ ಕಣದಲ್ಲಿ ರಾಶಿ ಅಳೆದು ಮನೆಗೆ ಒಯ್ಯುವ ಮೊದಲು ಆಯಗಾರರಿಗೆ ಆಯ ಕೊಡುತ್ತಿದ್ದ ಪದ್ಧತಿಯನ್ನು ನೆನೆಸಿಕೊಳ್ಳಿ. ಬೆಳೆದದ್ದೆಲ್ಲ ಬೆಳೆದವನೊಬ್ಬನದೇ ಅಲ್ಲ ಎಂಬ ತಿಳಿವಳಿಕೆ ನಮಗೂ ಹೊಸತಲ್ಲ.

ಅಮೆರಿಕದಲ್ಲಿ ಈ ಹಳೆಯ ಪದ್ಧತಿಗೆ ಮತ್ತೆ ಜೀವ ಕೊಟ್ಟವರಲ್ಲಿ ಸೊಸೈಟಿ ಆಫ್ ಸೇಂಟ್ ಆಂಡ್ರ್ಯೂ ಮುಖ್ಯವಾದದ್ದು. 1979ರಲ್ಲಿ ವರ್ಜೀನಿಯಾದಲ್ಲಿ ಕೆನ್ ಹಾರ್ನ್ ಮತ್ತು ರೇ ಬುಕಾನನ್ ಎಂಬ ಇಬ್ಬರು ಮೆಥೊಡಿಸ್ಟ್ ಪಾದ್ರಿಗಳ ಕುಟುಂಬಗಳು ಸೇರಿ ಇದನ್ನು ಶುರುಮಾಡಿದವು. ಮಾರುಕಟ್ಟೆಗೆ ಹೋಗದೆ ಹೊಲದಲ್ಲೇ ಉಳಿಯುವ ತರಕಾರಿ, ಹಣ್ಣುಗಳನ್ನು ಸ್ವಯಂಸೇವಕರಿಂದ ಆರಿಸಿ ಫುಡ್ ಬ್ಯಾಂಕುಗಳಿಗೆ ಮುಟ್ಟಿಸುವುದು ಅವರ ಕೆಲಸ. ಈ ದೇಶದಲ್ಲಿ ಬೆಳೆದ ಆಹಾರದಲ್ಲಿ ನೂರಕ್ಕೆ ಮೂವತ್ತರಿಂದ ನಲವತ್ತು ಪಾಲು ಯಾರ ಹೊಟ್ಟೆಗೂ ಸೇರದೆ ಹಾಳಾಗುತ್ತದೆ ಎಂದು ಇಲ್ಲಿನ ಕೃಷಿ ಇಲಾಖೆಯೇ ಅಂದಾಜು ಮಾಡಿದೆ. ಕೊಟ್ಟ ಆಹಾರದಿಂದ ಏನಾದರೂ ಆದರೆ ಕೇಸು ಬಿದ್ದೀತು ಎಂಬ ಹೆದರಿಕೆ ರೈತರಿಗೂ ಅಂಗಡಿಯವರಿಗೂ ಇತ್ತು. 1996ರಲ್ಲಿ ಬಿಲ್ ಎಮರ್ಸನ್ ಹೆಸರಿನ ಕಾಯ್ದೆ ಬಂದ ಮೇಲೆ ಒಳ್ಳೆಯ ಮನಸ್ಸಿನಿಂದ ಕೊಟ್ಟವರಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಹಕ್ಕಲಾಯಲು ಹೊಲಕ್ಕೆ ಬಿಟ್ಟ ರೈತರಿಗೂ ಆ ರಕ್ಷಣೆ ಇದೆ.

ಈ ಕೆಲಸಕ್ಕೆ ಬೇಕಾದದ್ದು ಬಗ್ಗುವ ಬೆನ್ನು, ಚುರುಕು ಕಣ್ಣು, ಮಣ್ಣಿಗೆ ಹೇಸದ ಕೈ. ಹನ್ನೊಂದು ವರ್ಷದವರ ಹತ್ತಿರ ಇವು ಮೂರೂ ಧಾರಾಳವಾಗಿವೆ!

ಹೊರಡುವ ಮೊದಲು

2023ರ ಅಕ್ಟೋಬರ್, ಕೊಲಂಬಸ್ ದಿನದ ವಾರಾಂತ್ಯ. ಹದಿನಾಲ್ಕು ಮಕ್ಕಳಿಗೆ ಆರು ಮಂದಿ ಹಿರಿಯರು. ಎಲ್ಲ ಹಿರಿಯರಿಗೂ ಬ್ಯಾಕ್‌ಗ್ರೌಂಡ್ ಚೆಕ್ ಆಗಬೇಕು. ಯಾವ ಹಿರಿಯರೂ ಯಾವ ಮಗುವಿನೊಂದಿಗೂ ಒಂಟಿಯಾಗಿ ಇರುವಂತಿಲ್ಲ, ಯಾವಾಗಲೂ ಇಬ್ಬರಿರಬೇಕು. ಮಲಗುವ ಕೋಣೆ, ವ್ಯಾನು, ಬಾತ್‌ರೂಮಿನ ದಾರಿ, ಎಲ್ಲದಕ್ಕೂ ನಿಯಮ. 1996ರಲ್ಲಿ ಯುನೈಟೆಡ್ ಮೆಥೊಡಿಸ್ಟ್ ಚರ್ಚ್ "ಸೇಫ್ ಸ್ಯಾಂಕ್ಚುವರೀಸ್" ಎಂಬ ಮಕ್ಕಳ ಸುರಕ್ಷತೆಯ ಕ್ರಮವನ್ನು ಜಾರಿಗೆ ತಂದಿತು. ಇಂದು ಇಂಥ ಕ್ರಮ ಬಹಳಷ್ಟು ಚರ್ಚುಗಳಲ್ಲಿದೆ. ಊರಿನಲ್ಲಿ "ಮೇಷ್ಟ್ರು ಇದ್ದಾರಲ್ಲ" ಎಂದು ಮಕ್ಕಳನ್ನು ಟೂರಿಗೆ ಕಳಿಸಿ ನಿಶ್ಚಿಂತೆಯಿಂದ ಇರುತ್ತಿದ್ದ ನಮಗೆ ಇದು ಅತಿಯಾಯಿತು ಅನ್ನಿಸಬಹುದು. ಅತಿಯಲ್ಲ. ನಿಮ್ಮ ಮಕ್ಕಳನ್ನು ಯಾವ ಶಿಬಿರಕ್ಕೆ, ಯಾವ ಸಂಸ್ಥೆಗೆ ಕಳಿಸುವಾಗಲೂ ದೇವಸ್ಥಾನವೋ ಚರ್ಚೋ ಎಂದು ನೋಡದೆ ಈ ನಿಯಮಗಳನ್ನು ಕೇಳಿ. ಕೇಳಿದ್ದಕ್ಕೆ ಯಾರಾದರೂ ಬೇಸರ ಮಾಡಿಕೊಂಡರೆ ಅಲ್ಲಿಗೆ ಕಳಿಸಬೇಡಿ.

ತಂದೆತಾಯಿಯರ ಸಭೆಯಲ್ಲಿ ಒಬ್ಬರು ಫೋನ್ ತೆಗೆದು ಲೆಕ್ಕ ಹಾಕಿದರು. "ಒಂದು ಮಗುವಿಗೆ 180 ಡಾಲರ್. ಹದಿನಾಲ್ಕು ಮಕ್ಕಳಿಗೆ 2,520. ಈ ದುಡ್ಡು ನೇರವಾಗಿ ಫುಡ್ ಬ್ಯಾಂಕಿಗೆ ಕೊಟ್ಟರೆ ಇವರು ಆರಿಸಿ ತರೋದಕ್ಕಿಂತ ಹೆಚ್ಚು ಜನರಿಗೆ ಊಟ ಆಗಲ್ವಾ?" ಸಭೆ ಗಪ್‌ಚುಪ್. ಆ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ; ಹುಡುಕುವ ಅಗತ್ಯವೂ ಇರಲಿಲ್ಲ. ನಾನು ಹೇಳಿದ್ದಿಷ್ಟು: "ನಿಜ. ಈ 180 ಡಾಲರ್ ದಾನವಲ್ಲ. ಇದು ನಮ್ಮ ಮಕ್ಕಳ ಪಾಠದ ಫೀಸು. ಪಿಯಾನೋ ಕ್ಲಾಸಿಗೆ, ಭರತನಾಟ್ಯಕ್ಕೆ, ಕುಮಾನ್‌ಗೆ ಕೊಡುತ್ತೇವಲ್ಲ, ಹಾಗೆ. ದಾನದ ಲೆಕ್ಕಕ್ಕೆ ಬರೆಯುವುದು ಬೇಡ. ದಾನ ಬೇರೆಯೇ ಮಾಡೋಣ." ಪ್ರತಿ ಮನೆಯವರೂ ಪ್ರವಾಸದ ಖರ್ಚಿನಷ್ಟೇ ಹಣವನ್ನು ಅಟ್ಲಾಂಟಾ ಕಮ್ಯುನಿಟಿ ಫುಡ್ ಬ್ಯಾಂಕಿಗೆ ಕೊಡಬೇಕೆಂದು, ಕಷ್ಟವಿದ್ದವರು ಆದಷ್ಟು ಕೊಡಲಿ ಎಂದು ತೀರ್ಮಾನವಾಯಿತು. 1979ರಲ್ಲಿ ಬಿಲ್ ಬೋಲಿಂಗ್ ಎಂಬುವರು ಅಟ್ಲಾಂಟಾದ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಶುರುಮಾಡಿದ ಆ ಸಂಸ್ಥೆ ಇಂದು ಈ ಭಾಗದ ನೂರಾರು ಆಹಾರ ಕೇಂದ್ರಗಳಿಗೆ ಆಧಾರವಾಗಿದೆ. ಲೆಕ್ಕ ಹಾಕಿದ ಆ ತಂದೆಯೇ ಮೊದಲ ಚೆಕ್ ಬರೆದರು.

ಗೆಣಸಿನ ಹೊಲದಲ್ಲಿ

ಐ-85ರಲ್ಲಿ ಸ್ಪಾರ್ಟನ್‌ಬರ್ಗ್, ಶಾರ್ಲೆಟ್, ಗ್ರೀನ್ಸ್‌ಬರೋ ದಾಟಿ, ರಾಲಿಯ ಪಕ್ಕದ ಜಾನ್‌ಸ್ಟನ್ ಕೌಂಟಿ. ಸುಮಾರು ನಾನೂರು ಮೈಲಿ. "ಇನ್ನೂ ಎಷ್ಟು ದೂರ ಆಂಟಿ?" ಎಂಬ ಪ್ರಶ್ನೆ ಪ್ರತಿ ನಲವತ್ತು ಮೈಲಿಗೊಮ್ಮೆ! ಅಷ್ಟು ದೂರ ಯಾಕೆ ಅಂದರೆ, ಗೆಣಸು. ಅಮೆರಿಕದಲ್ಲಿ ಅತಿ ಹೆಚ್ಚು ಗೆಣಸು ಬೆಳೆಯುವ ರಾಜ್ಯ ನಾರ್ತ್ ಕೆರೊಲಿನಾ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಅಲ್ಲಿ ಗೆಣಸಿನ ಸುಗ್ಗಿ. ಸಂಕ್ರಾಂತಿಗೆ ಅವರೆಕಾಯಿಯ ಜೊತೆ ಬೇಯಿಸುವ, ಶಿವರಾತ್ರಿಯ ಉಪವಾಸದಲ್ಲಿ ತಿನ್ನುವ ನಮ್ಮ ಗೆಣಸು ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ಊಟದ ಮಹಾರಾಣಿ.

ಶನಿವಾರ ಬೆಳಗ್ಗೆ ಎಂಟಕ್ಕೆ ಹೊಲದಲ್ಲಿದ್ದೆವು. ಗೆಣಸಿನ ಕೊಯ್ಲು ಹೇಗೆಂದು ಮೇಲ್ವಿಚಾರಕಿ ವಿವರಿಸಿದರು. ಮೊದಲು ಯಂತ್ರದಿಂದ ಬಳ್ಳಿ ಕತ್ತರಿಸುತ್ತಾರೆ, ಆಮೇಲೆ ಸಾಲು ತಿರುವಿಹಾಕಿ ಗೆಡ್ಡೆಗಳನ್ನು ಮೇಲೆ ತರುತ್ತಾರೆ. ಗೆಣಸಿನ ಸಿಪ್ಪೆ ಬಲು ಸೂಕ್ಷ್ಮ. ಯಂತ್ರ ಆರಿಸಿದರೆ ತರಚಿ ಹೋಗುತ್ತದೆಂದು ಕೈಯಿಂದಲೇ ಆರಿಸುತ್ತಾರೆ. ಆರಿಸಿದ್ದನ್ನು ಸುಮಾರು ಒಂದು ವಾರ ಬೆಚ್ಚಗೆ, ತೇವದಲ್ಲಿ ಇಟ್ಟರೆ ಗಾಯ ಮಾಯುತ್ತದೆ, ಸಿಹಿಯೂ ಏರುತ್ತದೆ. ಅಂಗಡಿಗೆ ಬೇಕಾದದ್ದು ಹದವಾದ ಗಾತ್ರ, ನುಣುಪಾದ ಮೈ. ತೀರಾ ದೊಡ್ಡದು, ತೀರಾ ಸಣ್ಣದು, ಡೊಂಕು, ಬಿರುಕು ಬಿಟ್ಟದ್ದು, ಇವೆಲ್ಲ ಹೊಲದಲ್ಲೇ ಉಳಿಯುತ್ತವೆ. ರುಚಿಯಲ್ಲಿ ಏನೂ ಕೊರತೆಯಿಲ್ಲ. ಆರಿಸುವ ಕೂಲಿ, ಸಾಗಿಸುವ ಖರ್ಚು ಲೆಕ್ಕ ಹಾಕಿದರೆ ರೈತನಿಗೆ ಗಿಟ್ಟುವುದಿಲ್ಲ, ಅಷ್ಟೇ.

ಮೊದಲ ಅರ್ಧ ಗಂಟೆ ಗಲಾಟೆಯೋ ಗಲಾಟೆ. ಆನೆಯ ಸೊಂಡಿಲಿನಂಥ ಗೆಣಸು, ಬಾತುಕೋಳಿಯಂಥ ಗೆಣಸು, ಒಬ್ಬನಿಗೆ ತನ್ನ ಗಣಿತದ ಟೀಚರ್ ಮೂಗಿನಂಥ ಗೆಣಸು! ಒಬ್ಬ ಹುಡುಗ ಗೆಣಸನ್ನು ಫುಟ್‌ಬಾಲಿನಂತೆ ಎಸೆದ. ಮೇಲ್ವಿಚಾರಕಿ ಬೈಯಲಿಲ್ಲ. ಅವನು ಎಸೆದದ್ದನ್ನು ಎತ್ತಿ, ಜಜ್ಜಿದ ಜಾಗ ತೋರಿಸಿ, "ಇದು ಇನ್ನು ನಾಲ್ಕು ದಿನದಲ್ಲಿ ಕೊಳೆಯುತ್ತದೆ. ಚೀಲದಲ್ಲಿ ಪಕ್ಕದಲ್ಲಿದ್ದದ್ದನ್ನೂ ಕೊಳೆಸುತ್ತದೆ" ಎಂದರು. ಆಮೇಲೆ ಅವನು ಮೊಟ್ಟೆ ಇಟ್ಟಂತೆ ಒಂದೊಂದನ್ನೂ ಇಡತೊಡಗಿದ. ಬಿಸಿಲೇರಿದಂತೆ ಮಾತು ಕಡಿಮೆಯಾಯಿತು. ಬಲೆಯಂಥ ಚೀಲಗಳು ತುಂಬುತ್ತಾ ಬಂದವು. ತನ್ನ ಕೋಣೆಯ ಬಟ್ಟೆ ಎತ್ತಿಡಲು ದಿನವಿಡೀ ಹೇಳಿಸಿಕೊಳ್ಳುವ ಹುಡುಗಿ ಯಾರೂ ಹೇಳದೆ ಮುಂದಿನ ಸಾಲಿಗೆ ಹೋದಳು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಇಲ್ಲಿ ಕೆಸರು ಇವರ ಕೈಗೆ, ಮೊಸರು ಇನ್ಯಾರದೋ ಬಾಯಿಗೆ.

ಪಕ್ಕದ ಹೊಲದಲ್ಲಿ ನಿಜವಾದ ಕೊಯ್ಲು ನಡೆದಿತ್ತು. ಮೆಕ್ಸಿಕೋದಿಂದ ಬಂದ ಕೆಲಸಗಾರರು ಬಕೆಟ್ ತುಂಬಿ, ಹೆಗಲಿಗೇರಿಸಿ, ಓಡುತ್ತಾ ಹೋಗಿ ಟ್ರಕ್ಕಿಗೆ ಸುರಿಯುತ್ತಿದ್ದರು. ನಮ್ಮ ಹದಿನಾಲ್ಕು ಮಕ್ಕಳು ಒಂದು ಗಂಟೆಯಲ್ಲಿ ಮಾಡಿದ್ದನ್ನು ಅವರಲ್ಲಿ ಇಬ್ಬರು ಹತ್ತು ನಿಮಿಷದಲ್ಲಿ ಮಾಡಿ ಮುಗಿಸುವಂತಿತ್ತು. "ಅವರು ಇಲ್ಲೇ ಇರ್ತಾರಾ ಆಂಟಿ?" ಎಂದು ಕನ್ನಡದ ಹುಡುಗ ಕೇಳಿದ. ಹಲವರು ಎಚ್-2ಎ ಎಂಬ ವೀಸಾದ ಮೇಲೆ ಸುಗ್ಗಿಯ ಕಾಲಕ್ಕೆ ಬರುತ್ತಾರೆ, ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬರುವವರೇ ಹೆಚ್ಚು, ಸುಗ್ಗಿ ಮುಗಿದ ಮೇಲೆ ಹಿಂತಿರುಗುತ್ತಾರೆ ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಅಪ್ಪನದು ಎಚ್-1ಬಿ ಇತ್ತು. ಒಂದು ಅಕ್ಷರ, ಒಂದು ನಂಬರ್ ಬೇರೆ ಅಷ್ಟೇ ಅಲ್ವಾ?" ಅಂದ. ಗ್ರೀನ್ ಕಾರ್ಡಿನ ಕ್ಯೂ, ಸ್ಟ್ಯಾಂಪಿಂಗ್, ಪ್ರಿಯಾರಿಟಿ ಡೇಟ್ ಎಂದು ನಮ್ಮ ಮನೆಗಳಲ್ಲಿ ಮಾತಾಡುವುದನ್ನು ಮಕ್ಕಳು ಕೇಳಿಸಿಕೊಳ್ಳುತ್ತಲೇ ಇರುತ್ತಾರೆ. ಈ ದೇಶದ ಊಟದ ತಟ್ಟೆಯೂ ಒಂದು ವೀಸಾದ ಮೇಲೆ ನಿಂತಿದೆ ಎಂಬುದು ಮಾತ್ರ ಅವನಿಗೆ ಅಂದೇ ಗೊತ್ತಾಯಿತು.

"ನಾವು ಅವರನ್ನು ನೋಡಲ್ವಾ?"

ಮಧ್ಯಾಹ್ನದ ಹೊತ್ತಿಗೆ ನಮ್ಮ ಚೀಲಗಳು ಒಂದು ಪಿಕಪ್ ಟ್ರಕ್ ತುಂಬಿ ಇನ್ನೊಂದರ ಅರ್ಧಕ್ಕೆ ಬಂದಿದ್ದವು. ಟ್ರಕ್ ಹೊರಟಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಆಗ ಒಬ್ಬಳು ಕೇಳಿದಳು: "ಇದನ್ನು ತಿನ್ನುವವರನ್ನು ನಾವು ನೋಡಲ್ವಾ?" ಇಲ್ಲ ಎಂದೆ. "ಅವರಿಗೆ ನಾವು ಆರಿಸಿದ್ದು ಅಂತ ಗೊತ್ತಾಗಲ್ವಾ?" ಗೊತ್ತಾಗಲ್ಲ. ಅವಳ ಮುಖ ಬಾಡಿತು. ಅಕ್ಕ ಹಿಂದಿನ ವರ್ಷ ವಿದೇಶಕ್ಕೆ ಹೋದಾಗ ಅಲ್ಲಿನ ಪುಟ್ಟ ಮಕ್ಕಳು ಅಪ್ಪಿಕೊಂಡ ಫೋಟೋ ಇವಳ ಮನೆಯ ಗೋಡೆಯ ಮೇಲಿದೆ. ಇವಳಿಗೆ ಸಿಕ್ಕಿದ್ದು ಉಗುರಿನ ಸಂದಿನ ಮಣ್ಣು ಮಾತ್ರ.

ಅಂದು ರಾತ್ರಿ, ನಾವು ಇಳಿದುಕೊಂಡಿದ್ದ ಚರ್ಚಿನ ಹಾಲಿನಲ್ಲಿ ಸ್ಲೀಪಿಂಗ್ ಬ್ಯಾಗುಗಳ ಮೇಲೆ ಕೂತು ಆ ಪ್ರಶ್ನೆಯನ್ನೇ ಎತ್ತಿಕೊಂಡೆವು. ರೂತಳ ಕಥೆ ಹೇಳಿದೆ. ಬೋವಜ ಯಾಕೆ ತೆನೆಯನ್ನು ನೇರವಾಗಿ ಅವಳ ಕೈಗೆ ಕೊಡಲಿಲ್ಲ ಎಂದು ಕೇಳಿದೆ. ಹಲವು ಉತ್ತರಗಳು ಬಂದವು. "ಅವನು ಬಿಝಿ ಇದ್ದ." "ಅವಳಿಗೆ ವ್ಯಾಯಾಮ ಆಗಲಿ ಅಂತ." ಕೊನೆಗೆ ಮೂಲೆಯಲ್ಲಿದ್ದ, ಇಡೀ ದಿನ ಹೆಚ್ಚು ಮಾತಾಡದ ಹುಡುಗ ಹೇಳಿದ: "ಕೊಟ್ಟಿದ್ದರೆ ಅವಳು ಥ್ಯಾಂಕ್ಯೂ ಹೇಳಬೇಕಾಗಿತ್ತು. ದಿನಾ ಥ್ಯಾಂಕ್ಯೂ ಹೇಳೋದು ಕಷ್ಟ." ಅವನ ತಂದೆ ಆ ವರ್ಷ ಕೆಲವು ತಿಂಗಳು ಕೆಲಸವಿಲ್ಲದೆ ಇದ್ದರೆಂಬುದು ನನಗೆ ಗೊತ್ತಿತ್ತು. ಮಕ್ಕಳಿಗೆ ಗೊತ್ತಿರಲಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ನಮ್ಮೂರಲ್ಲಿ ಎಲ್ಲ ಮತದವರ ಬಾಯಲ್ಲೂ ಇದೆ. ಪಡೆಯುವ ಕೈಯ ಕಡೆಯಿಂದ ಅದನ್ನು ಅಷ್ಟು ಸರಳವಾಗಿ ಬಿಡಿಸಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಭಾನುವಾರ ಮಧ್ಯಾಹ್ನ ಅದೇ ಹಾಲಿನಲ್ಲಿ ರೈಸ್ ಅಗೇನ್ಸ್ಟ್ ಹಂಗರ್ ಸಂಸ್ಥೆಗಾಗಿ ಊಟದ ಪೊಟ್ಟಣ ಕಟ್ಟುವ ಕೆಲಸ. ಸೊಸೈಟಿ ಆಫ್ ಸೇಂಟ್ ಆಂಡ್ರ್ಯೂ ಕಟ್ಟಿದ ರೇ ಬುಕಾನನ್ ಅವರೇ 1998ರಲ್ಲಿ ರಾಲಿಯಲ್ಲಿ ಇದನ್ನೂ ಬೇರೆ ಹೆಸರಿನಿಂದ ಶುರುಮಾಡಿದ್ದರು. ತಲೆಗೆ ಬಲೆಯಂಥ ಟೋಪಿ ಹಾಕಿಕೊಂಡು, ಆಲಿಕೆಯ ಮೂಲಕ ಅಕ್ಕಿ, ಸೋಯಾ, ಒಣಗಿಸಿದ ತರಕಾರಿ, ವಿಟಮಿನ್ ಪುಡಿ ಹಾಕಿ, ತೂಗಿ, ಸೀಲ್ ಮಾಡಬೇಕು. ಒಂದು ಚೀಲದಲ್ಲಿ ಆರು ಊಟ. ಸಾವಿರ ಊಟ ಆದಾಗಲೊಮ್ಮೆ ಜಾಗಟೆ ಬಾರಿಸುತ್ತಾರೆ. ಆ ಸರದಿಗಾಗಿ ಮಕ್ಕಳಲ್ಲಿ ನೂಕುನುಗ್ಗಲು. ಇವುಗಳಲ್ಲಿ ಬಹುಪಾಲು ದೂರದ ದೇಶಗಳ ಶಾಲಾ ಮಕ್ಕಳ ಊಟಕ್ಕೆ ಹೋಗುತ್ತವೆ ಎಂದಾಗ ನಾನು ಕರ್ನಾಟಕದ ಶಾಲೆಗಳ ಬಿಸಿಯೂಟದ ಕಥೆ ಹೇಳಿದೆ. 2001ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು. 2002ರಲ್ಲಿ ನಮ್ಮಲ್ಲಿ "ಅಕ್ಷರ ದಾಸೋಹ" ಶುರುವಾಯಿತು. ಕನ್ನಡದ ಹುಡುಗಿ ತಟ್ಟನೆ ಕೇಳಿದಳು: "ಹಾಗಾದ್ರೆ ಅಲ್ಲೇ ಅಡುಗೆ ಮಾಡ್ತಾರಾ? ಇಲ್ಲಿಂದ ಕಳಿಸೋದಕ್ಕಿಂತ ಅದೇ ಒಳ್ಳೇದಲ್ವಾ?" ಒಳ್ಳೆಯದೇ, ಎಲ್ಲಿ ಆಗುತ್ತದೋ ಅಲ್ಲಿ. ಎಲ್ಲಿ ಆಗುವುದಿಲ್ಲವೋ ಅಲ್ಲಿಗೆ ಇದು ಎಂದೆ. ಕಾರ್ಬೆಟ್, ಫಿಕರ್ಟ್, ಲಪ್ಟನ್ ಮೂವರೂ ಪುಸ್ತಕಗಟ್ಟಲೆ ಬರೆದು ಕೇಳಿದ ಪ್ರಶ್ನೆಯನ್ನು ಅವಳು ತಲೆಗೆ ಟೋಪಿ ಹಾಕಿಕೊಂಡೇ ಕೇಳಿದ್ದಳು!

ಮನೆಗೆ ಬಂದ ಮೇಲೆ

ಪ್ರವಾಸ ಮುಗಿಯಿತು, ಟೀ ಶರ್ಟು ತೊಳೆದದ್ದಾಯಿತು. ಇಲ್ಲಿಗೆ ನಿಂತರೆ ಇದು ಪಿಕ್‌ನಿಕ್ ಅಷ್ಟೇ. ಹೊರಡುವ ಮೊದಲೇ ಮಕ್ಕಳಿಂದ ಇನ್ನೊಂದು ಮಾತು ತೆಗೆದುಕೊಂಡಿದ್ದೆವು: ಬಂದ ಮೇಲೆ ಶಾಲಾ ವರ್ಷ ಮುಗಿಯುವವರೆಗೆ ತಿಂಗಳಿಗೊಂದು ಶನಿವಾರ ಹತ್ತಿರದ ಒಂದು ಆಹಾರ ವಿತರಣಾ ಕೇಂದ್ರದಲ್ಲಿ ಎರಡು ಗಂಟೆ ಕೆಲಸ ಮಾಡಬೇಕು. ಹದಿನಾಲ್ಕರಲ್ಲಿ ಒಂಬತ್ತು ಮಕ್ಕಳು ಕೊನೆಯವರೆಗೂ ಬಂದರು. ಉಳಿದವರಿಗೆ ಸಾಕರ್, ಸ್ವಿಮ್ಮಿಂಗ್, ಮ್ಯಾಥ್ ಒಲಿಂಪಿಯಾಡ್... ನಮ್ಮ ಮನೆಗಳ ಕಥೆ ನಿಮಗೆ ಗೊತ್ತಲ್ಲ.

ಜಾನ್ಸ್ ಕ್ರೀಕ್ ಅಂದರೆ ದೊಡ್ಡ ಮನೆಗಳು, ಒಳ್ಳೆಯ ಶಾಲೆಗಳು. 2006ರ ಡಿಸೆಂಬರಿನಲ್ಲಷ್ಟೇ ನಗರವೆಂದು ಘೋಷಣೆಯಾದ ಊರು. ಇಲ್ಲಿ ಹಸಿದವರು ಎಲ್ಲಿದ್ದಾರೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಜನವರಿಯ ಒಂದು ಶನಿವಾರ, ಹೊಲದಲ್ಲಿ ಮುಖ ಬಾಡಿಸಿಕೊಂಡಿದ್ದ ಅದೇ ಹುಡುಗಿ ಕೇಂದ್ರದ ಕೌಂಟರಿನಲ್ಲಿದ್ದಳು. ಇದ್ದಕ್ಕಿದ್ದಂತೆ ಎದ್ದು ಹಿಂದಿನ ಕೋಣೆಗೆ ಹೋಗಿ ಡಬ್ಬಗಳನ್ನು ಜೋಡಿಸತೊಡಗಿದಳು. ಅರ್ಧ ಗಂಟೆಯಾದರೂ ಹೊರಗೆ ಬರಲಿಲ್ಲ. ಹೊಟ್ಟೆನೋವೇನೋ ಎಂದು ಹೋಗಿ ಕೇಳಿದೆ. "ನಮ್ಮ ಕ್ಲಾಸಿನ ಒಬ್ಬರು ಅಮ್ಮನ ಜೊತೆ ಬಂದಿದ್ದಾರೆ ಆಂಟಿ. ಅವರು ನನ್ನನ್ನು ನೋಡೋದು ಬೇಡ" ಎಂದಳು. ಯಾರೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸೋಮವಾರ ಶಾಲೆಯಲ್ಲೂ ಯಾರಿಗೂ ಹೇಳಿರಲಿಕ್ಕಿಲ್ಲ. 180 ಡಾಲರ್ ಫೀಸಿಗೆ ಅವಳು ಕಲಿತ ಪಾಠ ಅದು.

ಓದುಗ ಮಿತ್ರರೇ, ನಿಮ್ಮ ಮಕ್ಕಳನ್ನು ಇಂಥ ಪ್ರವಾಸಕ್ಕೆ ಕಳಿಸಬೇಕೇ ಬೇಡವೇ ಎಂಬುದು ನಿಮಗೆ ಬಿಟ್ಟದ್ದು. ಚರ್ಚಿನ ಮೂಲಕವೇ ಆಗಬೇಕೆಂದೂ ಇಲ್ಲ. ಕಳಿಸುವುದಾದರೆ ನಾಲ್ಕು ಪ್ರಶ್ನೆ ಕೇಳಿ ನೋಡಿ. ಆ ಕೆಲಸ ನಿಜವಾಗಿ ಬೇಕಾದದ್ದೇ? ಈ ವಯಸ್ಸಿನ ಮಗು ಅದನ್ನು ಸರಿಯಾಗಿ ಮಾಡಬಲ್ಲುದೇ? ಪಡೆಯುವವರ ಮುಖ ಫೋಟೋದಲ್ಲಿ ಬರದೆಯೂ ಅದು ನಡೆಯುತ್ತದೆಯೇ? ಬಂದ ಮೇಲೆ ಮುಂದುವರಿಯುತ್ತದೆಯೇ? ನಾಲ್ಕಕ್ಕೂ ಹೌದು ಎಂದಾದರೆ ಧೈರ್ಯವಾಗಿ ಕಳಿಸಿ.

ನಮ್ಮ ಕೂಟದ ಹಿರಿಯರಲ್ಲಿ ಒಂದು ಕೋರಿಕೆ. ಯುಗಾದಿ, ದೀಪಾವಳಿ, ರಾಜ್ಯೋತ್ಸವ, ಪಿಕ್‌ನಿಕ್ ಎಲ್ಲ ವರ್ಷವೂ ಮಾಡುತ್ತೇವೆ. ಹಕ್ಕಲಾಯುವ ಕೆಲಸ ಜಾರ್ಜಿಯಾದಲ್ಲೂ ನಡೆಯುತ್ತದೆ. ಅಷ್ಟು ದೂರ ಹೋಗಬೇಕಾಗಿಲ್ಲ. ಮುಂದಿನ ಸುಗ್ಗಿಯಲ್ಲಿ ಒಂದು ಶನಿವಾರ ಬೆಳಗ್ಗೆ ನಾಲ್ಕು ಗಂಟೆ ಕಾಲ ಕೂಟದ ಮಕ್ಕಳು, ದೊಡ್ಡವರು ಎಲ್ಲ ಒಂದು ಹೊಲಕ್ಕೆ ಹೋಗೋಣವೇ? ಚಿತ್ರಾನ್ನ ನನ್ನ ಲೆಕ್ಕದಲ್ಲಿರಲಿ. ಯಾರಿಗೂ ಅಲರ್ಜಿ ಇಲ್ಲವೆಂದಾದರೆ ಕಡಲೆಬೀಜವೂ ಇರುತ್ತದೆ.